ಬೇಡವೆಂದ ಕೆಲಸವೇ ಬದುಕಾಯಿತು

ಆಗಸ್ಟ್ 12 ಬಂತೆಂದರೆ ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಒಂದು ಫೋಟೊಗೆ ಹೂವಿನ ಹಾರ ಬೀಳುತ್ತದೆ. ತಲೆಗೆ ಪೇಟ, ಕಣ್ಣಿಗೆ ಕನ್ನಡಕ, ಗಂಭೀರ ಮುಖ. ಪುಸ್ತಕ ವಾಪಸ್ ಮಾಡಲು ಹೋದವರು, ಫೈನ್ ಕಟ್ಟಲು ನಿಂತವರು ಆ ಕಡೆ ಒಮ್ಮೆ ನೋಡುತ್ತಾರೆ. ಇವರು ಯಾರು ಎಂದು ಕೇಳುವವರು ಕಡಿಮೆ. ಅವರ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕರೆಯುವುದು ಅವರನ್ನೇ. ಅವರ ನೆನಪಿಗಾಗಿಯೇ ಆ ದಿನವನ್ನು ರಾಷ್ಟ್ರೀಯ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ.

ಪಿತಾಮಹ ಎಂಬ ಬಿರುದು ಕೇಳಿದರೆ ನಮ್ಮ ವಯಸ್ಸಿನವರಿಗೆ ಸ್ವಲ್ಪ ದೂರವೇ ಅನ್ನಿಸುತ್ತದೆ. ಆದರೆ ಕೆಲಸ ಹುಡುಕುತ್ತಿರುವ ಯಾರಿಗಾದರೂ ಹತ್ತಿರವಾಗುವ ಒಂದು ಸಂಗತಿ ಅವರ ಬದುಕಿನಲ್ಲಿದೆ. ಗ್ರಂಥಪಾಲಕನ ಕೆಲಸ ಸಿಕ್ಕ ಒಂದೇ ವಾರದಲ್ಲಿ, ಇದು ನನ್ನಿಂದಾಗದು ಎಂದು ಹಳೆಯ ಕಾಲೇಜಿಗೆ ಓಡಿ ಹೋಗಿದ್ದವರು ಈ ರಂಗನಾಥನ್!

ಅವರ ಬಗ್ಗೆ ನಾನು ಓದತೊಡಗಿದ್ದು ದೊಡ್ಡಮ್ಮನ ಮಗಳಿಂದಾಗಿ. ಅಕ್ಕ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಮದುವೆ ಮನೆಯಲ್ಲಿ ನಾನು ಬಿಇ ಎಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಅವಳು ಎಂ.ಲಿಬ್ ಎಂದರೆ, ಪುಸ್ತಕ ಕೊಟ್ಟು ತೆಗೆದುಕೊಳ್ಳಲು ಎರಡು ವರ್ಷ ಓದಬೇಕಾ ಎಂದು ನಗುತ್ತಾರೆ. ಅವಳ ತರಗತಿಯಲ್ಲಿರುವವರು ಹದಿನೈದೇ ಮಂದಿ. ಹಿರಿಯರಲ್ಲಿ ಯಾರಿಗೆ ಕೆ-ಸೆಟ್ ಆಯಿತು, ಯಾವ ಕಾಲೇಜಿನಲ್ಲಿ ಹುದ್ದೆ ಖಾಲಿಯಿದೆ, ಯಾರು ಕೋಹಾ ತಂತ್ರಾಂಶದ ತರಬೇತಿಗೆ ಹೊರಟಿದ್ದಾರೆ ಎಂಬ ಸುದ್ದಿಗಳು ಅವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವಿಡೀ ಓಡಾಡುತ್ತವೆ. ಒಬ್ಬರ ನೋಟ್ಸ್ ಎಲ್ಲರದ್ದೂ. ಸೆಮಿನಾರ್ ಇದ್ದರೆ ಹದಿನೈದು ಜನರೂ ಕೂತು ಜಗಳವಾಡಿಯೇ ಪ್ರಬಂಧ ಸಿದ್ಧವಾಗುವುದು. ಚಿಕ್ಕ ಗುಂಪಿನಲ್ಲಿ ಕೂತು ವಾದ ಮಾಡುತ್ತಾ ಈ ವಿಷಯ ಕಲಿಯುವ ರೂಢಿಯನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಮೊದಲ ಹೆಸರು ರಂಗನಾಥನ್ ಅವರದು ಎಂಬುದು ಓದುತ್ತಾ ಹೋದಂತೆ ತಿಳಿಯಿತು.

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಇಂದು ಆ ಊರನ್ನು ಸೀರ್ಕಾಳಿ ಎನ್ನುತ್ತಾರೆ. ಆರು ವರ್ಷದ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮಾತನಾಡುವಾಗ ತೊದಲುವ ತೊಂದರೆಯೂ ಇತ್ತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ 1913ರಲ್ಲಿ ಬಿಎ, 1916ರಲ್ಲಿ ಗಣಿತದಲ್ಲಿ ಎಂಎ ಮುಗಿಸಿದರು. ಅಲ್ಲಿನ ಗಣಿತದ ಮೇಷ್ಟ್ರು ಎಡ್ವರ್ಡ್ ರಾಸ್ ಅವರನ್ನು ರಂಗನಾಥನ್ ಜೀವನಪೂರ್ತಿ ಗುರುವೆಂದೇ ಕಂಡರು. ತೊದಲುವವರು ಸಾಮಾನ್ಯವಾಗಿ ದೂರ ಇಡುವ ವೃತ್ತಿ ಅಧ್ಯಾಪನ. ಅವರು ಆರಿಸಿಕೊಂಡದ್ದು ಅದನ್ನೇ. ಕ್ರಮೇಣ ತೊದಲೂ ಹತೋಟಿಗೆ ಬಂತು.

ಇಲ್ಲಿ ನಮ್ಮ ನಾಡಿನ ನಂಟೊಂದಿದೆ. 1917ರಲ್ಲಿ ಅವರು ಪಾಠ ಹೇಳಲು ಸೇರಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಅದೇ ಇಂದು ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾಲಯ ಕಾಲೇಜು. ಅಲ್ಲಿಂದ ಕೊಯಮತ್ತೂರು, ಬಳಿಕ 1921ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಗಣಿತದ ಇತಿಹಾಸದ ಬಗ್ಗೆ ಲೇಖನಗಳನ್ನು ಬರೆದರು. ಪಾಠ ಮಾಡುವುದರಲ್ಲಿ ಖುಷಿಯಿತ್ತು. ಸಂಬಳ ಮಾತ್ರ ಕಡಿಮೆ.

ಅಷ್ಟರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಮೊದಲ ಬಾರಿಗೆ ಗ್ರಂಥಪಾಲಕ ಹುದ್ದೆಗೆ ಅರ್ಜಿ ಕರೆಯಿತು. ಸುಮಾರು 900 ಅರ್ಜಿಗಳು ಬಂದವು. ಒಬ್ಬರಿಗೂ ಗ್ರಂಥಾಲಯ ಕೆಲಸದ ತರಬೇತಿ ಇರಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ರಂಗನಾಥನ್ ಕೂಡ ಅರ್ಜಿ ಹಾಕಿ ಮರೆತುಬಿಟ್ಟಿದ್ದರು. ಸಂದರ್ಶನದ ಕರೆ ಬಂದಾಗ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಗ್ರಂಥಾಲಯದ ಕುರಿತ ಲೇಖನವನ್ನು ಓದಿಕೊಂಡು ಹೋದರು. ಅವರ ಸಿದ್ಧತೆ ಅಷ್ಟೇ! ಸಂಶೋಧನೆಯ ಹಿನ್ನೆಲೆ ಇದ್ದುದರಿಂದ ಆಯ್ಕೆಯಾದರು. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು.

ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ಮಾತನಾಡಿಸುವವರೇ ಇಲ್ಲ. ಬರುವ ಓದುಗರು ಬೆರಳೆಣಿಕೆಯಷ್ಟು. ತುಂಬಿದ ತರಗತಿಯಲ್ಲಿ ಪಾಠ ಮಾಡಿದ ಮನುಷ್ಯನಿಗೆ ಆ ಮೌನ ತಡೆಯಲಾಗಲಿಲ್ಲ. ಒಂದು ವಾರ ಕಳೆಯುವುದರೊಳಗೆ ಹಿಂದಿರುಗಿ ಬಂದು, ತಮ್ಮ ಗಣಿತದ ಕೆಲಸವನ್ನೇ ಮರಳಿ ಕೊಡಿ ಎಂದು ಕೇಳಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಹೇಗೂ ಗ್ರಂಥಾಲಯ ಕೆಲಸ ಕಲಿಯಲು ಲಂಡನ್ನಿಗೆ ಹೋಗುವ ಏರ್ಪಾಡಿದೆ, ಹೋಗಿ ಬನ್ನಿ. ಬಂದ ಮೇಲೂ ಬೇಸರವೇ ಇದ್ದರೆ ನಿಮ್ಮ ಅಧ್ಯಾಪಕ ಹುದ್ದೆ ನಿಮಗೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಿಕ್ಷಣದ ಶಾಲೆಯಿತ್ತು. ಅಲ್ಲಿ ವರ್ಗೀಕರಣ ಕಲಿಸುತ್ತಿದ್ದ ಬರ್ವಿಕ್ ಸೇಯರ್ಸ್, ಕ್ರಾಯ್ಡನ್ ಪಟ್ಟಣದ ಮುಖ್ಯ ಗ್ರಂಥಪಾಲಕರೂ ಆಗಿದ್ದರು. ರಂಗನಾಥನ್ ತರಗತಿಯಲ್ಲಿ ಕೂತಿದ್ದಕ್ಕಿಂತ ಊರೂರು ಸುತ್ತಿದ್ದೇ ಹೆಚ್ಚು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ನೋಡಿದರು. ಅಲ್ಲಿ ಕೂಲಿಕಾರರು, ಮಕ್ಕಳು, ಗೃಹಿಣಿಯರು ಗ್ರಂಥಾಲಯಕ್ಕೆ ಬಂದು ತಮಗೆ ಬೇಕಾದ ಪುಸ್ತಕ ಒಯ್ಯುವುದನ್ನು ಕಂಡಾಗ ಅವರಿಗೆ ಮದ್ರಾಸಿನ ಖಾಲಿ ಕುರ್ಚಿಗಳ ಅರ್ಥವೇ ಬದಲಾಯಿತು. ಓದುಗರು ಬಾರದಿರುವುದು ಓದುಗರ ತಪ್ಪಲ್ಲ, ಅದು ಗ್ರಂಥಾಲಯದ ತಪ್ಪು ಎನ್ನಿಸಿತು. ಜೊತೆಗೆ ಅವರೊಳಗಿನ ಗಣಿತಜ್ಞನಿಗೆ ಒಂದು ಲೆಕ್ಕವೂ ಸಿಕ್ಕಿತು. ಅದು ವರ್ಗೀಕರಣದ ಲೆಕ್ಕ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಹೆಚ್ಚು ಬಳಕೆಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿಯ ದಶಮಾಂಶ ಪದ್ಧತಿ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡಿ, ಪ್ರತಿ ವಿಷಯಕ್ಕೂ ಮೊದಲೇ ಒಂದು ಗೂಡು ಸಿದ್ಧಪಡಿಸಿಡುವ ಕ್ರಮ ಅದು. ಹಳೆಯ ವಿಷಯಗಳಿಗೆ ಸರಿ. ಆದರೆ ಹಲವು ವಿಷಯಗಳು ಬೆರೆತ ಹೊಸ ಪುಸ್ತಕ ಬಂದರೆ? ಉದಾಹರಣೆಗೆ, ಮಂಡ್ಯದಲ್ಲಿ ಇಂಥ ದಶಕದಲ್ಲಿ ಭತ್ತದ ಬೆಂಕಿರೋಗವನ್ನು ಹತೋಟಿಗೆ ತಂದ ಬಗ್ಗೆ ಒಂದು ಪುಸ್ತಕವಿದೆ ಎಂದುಕೊಳ್ಳಿ. ಅದನ್ನು ಭತ್ತದ ಗೂಡಿಗೆ ಹಾಕಬೇಕೋ, ರೋಗದ ಗೂಡಿಗೋ, ಮಂಡ್ಯದ ಗೂಡಿಗೋ?

ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ರಂಗನಾಥನ್ ಮೆಕಾನೊ ಎಂಬ ಆಟಿಕೆ ನೋಡಿದರು. ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು ಬೋಲ್ಟುಗಳು. ಅವೇ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಸೇತುವೆ, ಇನ್ನೊಮ್ಮೆ ಕ್ರೇನು. ವಿಷಯಗಳನ್ನೂ ಹೀಗೇಕೆ ಜೋಡಿಸಬಾರದು ಎಂದು ಅವರಿಗೆ ಹೊಳೆಯಿತು. ಸಿದ್ಧ ಗೂಡುಗಳ ಬದಲು ಭತ್ತಕ್ಕೊಂದು, ರೋಗಕ್ಕೊಂದು, ಹತೋಟಿ ಎಂಬ ಕ್ರಿಯೆಗೊಂದು, ಜಾಗಕ್ಕೊಂದು, ಕಾಲಕ್ಕೊಂದು ಸಂಕೇತ ಕೊಟ್ಟು ಬೇಕಾದಾಗ ಸೇರಿಸಿದರಾಯಿತು. ಮೆಕಾನೊದಲ್ಲಿ ನಟ್ಟು ಬೋಲ್ಟು ಮಾಡುವ ಕೆಲಸವನ್ನು ಇಲ್ಲಿ ಕೋಲನ್, ಅಂದರೆ ದ್ವಿಬಿಂದು ಚಿಹ್ನೆ ಮಾಡುತ್ತದೆ. 1925ರಲ್ಲಿ ಮದ್ರಾಸಿಗೆ ಮರಳುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೆಯೇ ಈ ಯೋಚನೆಯನ್ನು ಪ್ರಯೋಗಿಸಿ ನೋಡಿದರು. 1933ರಲ್ಲಿ ಅದು ದ್ವಿಬಿಂದು ವರ್ಗೀಕರಣವೆಂಬ ಗ್ರಂಥವಾಗಿ ಹೊರಬಂತು. ಮುಂದೆ ಎಲ್ಲ ವಿಷಯಗಳ ಮುಖಗಳನ್ನೂ ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್ ಎಂಬ ಐದು ಮೂಲ ವರ್ಗಗಳಿಗೆ ಇಳಿಸಿದರು. ನಾವು ಆನ್‌ಲೈನಿನಲ್ಲಿ ಶೂ ಕೊಳ್ಳುವಾಗ ಸೈಜು, ಬಣ್ಣ, ಬೆಲೆ, ಬ್ರ್ಯಾಂಡ್ ಎಂದು ಒಂದೊಂದಾಗಿ ಆರಿಸಿ ಸೋಸುತ್ತೇವಲ್ಲ, ಅದರ ಹಿಂದಿರುವುದೂ ಇದೇ ಬಗೆಯ ತರ್ಕ. ಡಿಬಿಎಂಎಸ್ ಓದುತ್ತಿರುವ ನಮ್ಮಂಥವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕಾರ್ಡುಗಳನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸಿದ್ದರು ಎಂಬುದು ಆಶ್ಚರ್ಯ.

ಲಂಡನ್ನಿನಿಂದ ಬಂದವರು ಗಣಿತದ ಹುದ್ದೆಯನ್ನು ಮತ್ತೆ ಕೇಳಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಕಪಾಟುಗಳನ್ನು ಓದುಗರಿಗೆ ತೆರೆದರು. ಅದುವರೆಗೆ ಚೀಟಿ ಬರೆದು ಕೊಟ್ಟು ಕಾಯಬೇಕಿತ್ತು, ಈಗ ಓದುಗರೇ ಒಳಗೆ ಹೋಗಿ ಹುಡುಕಬಹುದಿತ್ತು. ಹುಡುಕಲು ನೆರವಾಗುವುದು ಸಿಬ್ಬಂದಿಯ ಮುಖ್ಯ ಕೆಲಸವಾಯಿತು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು. ಅದೇ ವರ್ಷ ದೇವಸ್ಥಾನದ ಕೊಳದಲ್ಲಿ ನಡೆದ ಅವಘಡದಲ್ಲಿ ಪತ್ನಿ ರುಕ್ಮಿಣಿ ತೀರಿಕೊಂಡರು. ಮರುವರ್ಷ ಶಾರದಾ ಅವರೊಡನೆ ಮದುವೆಯಾಯಿತು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಪ್ರಕಟವಾಯಿತು. ಪುಸ್ತಕವಿರುವುದು ಕಪಾಟಿನಲ್ಲಿ ಕಾಪಾಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಅದರ ಮೊದಲ ಮಾತಿನ ಸಾರ. ಓದುಗನಿಗೆ ಬೇಕಾದ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕು, ಓದುಗನ ಹೊತ್ತು ಹಾಳಾಗಬಾರದು, ಗ್ರಂಥಾಲಯ ಜೀವಿಯಂತೆ ಬೆಳೆಯುತ್ತಲೇ ಇರುತ್ತದೆ ಎಂಬುದು ಉಳಿದವುಗಳ ಅರ್ಥ. ಕೇಳಲು ಸರಳ. ಆದರೆ ಇಂದಿಗೂ ಬೀರುವಿಗೆ ಬೀಗ ಹಾಕಿಟ್ಟಿರುವ ಗ್ರಂಥಾಲಯಗಳನ್ನು ನೆನಪಿಸಿಕೊಂಡರೆ, ಮೊದಲ ಸೂತ್ರವೇ ಇನ್ನೂ ಎಲ್ಲ ಕಡೆ ಜಾರಿಯಾಗಿಲ್ಲ ಎಂಬುದು ತಿಳಿಯುತ್ತದೆ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು 1929ರಲ್ಲಿ ಅವರು ಶುರು ಮಾಡಿದ ಶಾಲೆ. ಭಾರತದಲ್ಲಿ ಗ್ರಂಥಾಲಯ ತರಬೇತಿ ಅದಕ್ಕೂ ಮೊದಲೇ ಇತ್ತು. 1911ರಲ್ಲಿ ಬರೋಡದಲ್ಲಿ, 1915ರಲ್ಲಿ ಲಾಹೋರಿನಲ್ಲಿ ಅಮೆರಿಕದಿಂದ ಬಂದವರು ಪಾಠ ಹೇಳಿದ್ದರು. ರಂಗನಾಥನ್ ಅವರ ಶಾಲೆ ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಿಗೆ ತರಗತಿಯಾಗಿ ಆರಂಭವಾಯಿತು. 1931ರಲ್ಲಿ ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡಿತು. 1937ರಲ್ಲಿ ಅದೇ ಸ್ನಾತಕೋತ್ತರ ಡಿಪ್ಲೊಮಾ ಆಯಿತು. ಹೀಗೆ ಎಂಟೇ ವರ್ಷಗಳಲ್ಲಿ, ಯಾರು ಬೇಕಾದರೂ ಮಾಡಬಹುದು ಎಂದಿದ್ದ ಕೆಲಸ, ಪದವಿ ಮುಗಿಸಿದವರು ಮತ್ತೆ ಕೂತು ಕಲಿಯಬೇಕಾದ ವಿದ್ಯೆಯಾಯಿತು. 900 ಅರ್ಜಿದಾರರಲ್ಲಿ ಒಬ್ಬರಿಗೂ ತರಬೇತಿ ಇರಲಿಲ್ಲ ಎಂದು ಮೇಲೆ ಹೇಳಿದೆನಲ್ಲ, ಆ ಪರಿಸ್ಥಿತಿಗೆ ಅವರು ಕೊಟ್ಟ ಉತ್ತರ ಇದು.

ಇಪ್ಪತ್ತು ವರ್ಷದ ದುಡಿಮೆಯ ನಂತರ ಮದ್ರಾಸ್ ಬಿಟ್ಟರು. 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ 1 ಲಕ್ಷ ಪುಸ್ತಕಗಳು ಸರಿಯಾದ ವರ್ಗೀಕರಣವಿಲ್ಲದೆ ಕಾಯುತ್ತಿದ್ದವು. ವಯಸ್ಸು ಐವತ್ತು ದಾಟಿತ್ತು. ಸಹಾಯಕರು ಬರಲಿ ಎಂದು ಕಾಯದೆ, ಎರಡು ವರ್ಷಗಳಲ್ಲಿ ತಾವೇ ಅವುಗಳ ವರ್ಗೀಕರಣ, ಸೂಚೀಕರಣ ಮಾಡಿ ಮುಗಿಸಿದರು. 1947ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದರು.

ದೆಹಲಿಯ ದಿನಗಳಲ್ಲಿ ನಡೆದ ಒಂದು ಸಂಗತಿ ಅಕ್ಕನ ಗುಂಪಿಗೆ ತುಂಬ ಇಷ್ಟ. 1951ರಲ್ಲಿ ಅಲ್ಲಿ ಲೈಬ್ರರಿ ರಿಸರ್ಚ್ ಸರ್ಕಲ್ ಎಂಬ ಒಂದು ಪುಟ್ಟ ಕೂಟ ಶುರುವಾಯಿತು. ಭಾನುವಾರಗಳಂದು ರಂಗನಾಥನ್ ಅವರ ಮನೆಯಲ್ಲಿ ವಿದ್ಯಾರ್ಥಿಗಳು, ಯುವ ಗ್ರಂಥಪಾಲಕರು ಸೇರುತ್ತಿದ್ದರು. ಹಾಜರಾತಿ ಇಲ್ಲ, ಪರೀಕ್ಷೆ ಇಲ್ಲ. ವಿಜ್ಞಾನದ ಒಂದು ಸಣ್ಣ ಲೇಖನವನ್ನು ಹುಡುಕಿ ತೆಗೆಯುವಷ್ಟು ಸೂಕ್ಷ್ಮವಾಗಿ ವಿಷಯಗಳನ್ನು ಹೇಗೆ ಬಿಡಿಸುವುದು ಎಂಬ ಚರ್ಚೆ ನಡೆಯುತ್ತಿತ್ತು. ಮೇಷ್ಟ್ರ ಪುಸ್ತಕದ ತಪ್ಪುಗಳನ್ನು ಮೇಷ್ಟ್ರ ಮನೆಯಲ್ಲೇ ಕೂತು ಚರ್ಚಿಸಬಹುದಿತ್ತು. ದ್ವಿಬಿಂದು ವರ್ಗೀಕರಣದ ಹೊಸ ಆವೃತ್ತಿಗಳಲ್ಲಿ ಇಂಥ ಚರ್ಚೆಗಳ ಫಲವಿದೆ. ದೆಹಲಿಯಲ್ಲೇ ಎಂ.ಲಿಬ್ ಮತ್ತು ಪಿಎಚ್.ಡಿ ವ್ಯಾಸಂಗಕ್ಕೂ ದಾರಿಯಾಯಿತು. ಅವರ ಮಾರ್ಗದರ್ಶನದಲ್ಲಿ ನಡೆದ ಅಧ್ಯಯನಕ್ಕೆ 1957ರಲ್ಲಿ ಗ್ರಂಥಾಲಯ ವಿಜ್ಞಾನದಲ್ಲಿ ದೇಶದ ಮೊದಲ ಪಿಎಚ್.ಡಿ ಬಂತು. ಅದೇ ವರ್ಷ ರಂಗನಾಥನ್ ಅವರಿಗೆ ಪದ್ಮಶ್ರೀ ದೊರೆಯಿತು.

ಜ್ಯೂರಿಕ್, ಉಜ್ಜಯಿನಿ ಸುತ್ತಿ ಕೊನೆಗೆ ಅವರು ನೆಲೆ ನಿಂತದ್ದು ನಮ್ಮ ಬೆಂಗಳೂರಿನಲ್ಲಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ.ಸಿ. ಮಹಲನೋಬಿಸ್ ಅವರ ಬೆಂಬಲದಿಂದ 1962ರಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಆರಂಭವಾಯಿತು. ಎಲ್ಲರ ಬಾಯಲ್ಲಿ ಅದು ಡಿಆರ್‌ಟಿಸಿ. ಆಗ ಅದು ಮಲ್ಲೇಶ್ವರದಲ್ಲಿತ್ತು, ಈಗ ಮೈಸೂರು ರಸ್ತೆಯಲ್ಲಿದೆ. ದೇಶ ಹೊಸದಾಗಿ ಕಾರ್ಖಾನೆ, ಪ್ರಯೋಗಾಲಯ ಕಟ್ಟುತ್ತಿದ್ದ ಕಾಲ. ಅಲ್ಲಿನ ವಿಜ್ಞಾನಿಗಳಿಗೆ, ಎಂಜಿನಿಯರುಗಳಿಗೆ ಬೇಕಾದ ಲೇಖನವನ್ನು ಬೇಕಾದ ಹೊತ್ತಿಗೆ ಹುಡುಕಿ ಕೊಡುವವರನ್ನು ತಯಾರು ಮಾಡುವುದು ಈ ಕೇಂದ್ರದ ಉದ್ದೇಶ. ತರಗತಿಗಳು ಚಿಕ್ಕವು. ವಿದ್ಯಾರ್ಥಿಯೇ ಒಂದು ವಿಷಯ ಹಿಡಿದು ಅಧ್ಯಯನ ಮಾಡಿ ಎಲ್ಲರೆದುರು ಮಂಡಿಸಬೇಕು, ಪ್ರಶ್ನೆಗಳಿಗೆ ನಿಂತು ಉತ್ತರಿಸಬೇಕು. 1963ರಿಂದ ವಾರ್ಷಿಕ ಸೆಮಿನಾರ್, 1964ರಿಂದ ಒಂದು ತ್ರೈಮಾಸಿಕ ಪತ್ರಿಕೆ. ಕಲಿಯುವವರಿಗೂ ಕಲಿಸುವವರಿಗೂ ಅಲ್ಲಿ ಒಂದೇ ವೇದಿಕೆ. 1965ರಲ್ಲಿ ಭಾರತ ಸರ್ಕಾರ ರಂಗನಾಥನ್ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರೆಂದು ಗೌರವಿಸಿತು.

ನಮ್ಮ ರಾಜ್ಯದ ಓದುಗರ ಮೇಲೂ ಅವರ ಋಣ ದೊಡ್ಡದು. ಊರೂರಿಗೆ ಉಚಿತ ಗ್ರಂಥಾಲಯ ಬೇಕಾದರೆ ಅದಕ್ಕೊಂದು ಕಾಯ್ದೆ, ಖಾಯಂ ಹಣದ ಮೂಲ ಇರಬೇಕೆಂದು ಅವರು ದಶಕಗಳ ಕಾಲ ಕರಡು ಮಸೂದೆಗಳನ್ನು ಬರೆದು ಸರ್ಕಾರಗಳ ಮುಂದಿಟ್ಟರು. 1948ರಲ್ಲಿ ಮದ್ರಾಸಿನಲ್ಲಿ ಕಾಯ್ದೆ ಬಂತು. 1965ರಲ್ಲಿ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಮರುವರ್ಷ ಅದಕ್ಕೊಂದು ಇಲಾಖೆಯೂ ಆಯಿತು. ಆಸ್ತಿ ತೆರಿಗೆಯ ಜೊತೆ ನಮ್ಮ ಮನೆಯವರು ಗ್ರಂಥಾಲಯ ಕರ ಕಟ್ಟುವುದು ಈ ಕಾಯ್ದೆಯಿಂದ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನಗರ ಕೇಂದ್ರ ಗ್ರಂಥಾಲಯಗಳ ಮುಂದೆ ಬ್ಯಾಗು ಹಿಡಿದು ನಿಲ್ಲುವ ಕೆಎಎಸ್, ಪಿಎಸ್ಐ, ಎಫ್‌ಡಿಎ ಆಕಾಂಕ್ಷಿಗಳಿಗೆ ಸಿಗುವ ಆ ಕುರ್ಚಿ, ಫ್ಯಾನು, ದಿನಪತ್ರಿಕೆಗಳ ಹಿಂದೆ ಈ ಇತಿಹಾಸವಿದೆ.

ಹಣದ ವಿಷಯದಲ್ಲೂ ಅವರ ರೀತಿಯೇ ಬೇರೆ. ಜೀವಮಾನದ ಉಳಿತಾಯದಿಂದ 1 ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕೆಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಪೀಠಕ್ಕೆ ಇಟ್ಟದ್ದು ಪತ್ನಿ ಶಾರದಾ ಅವರ ಹೆಸರನ್ನು. ಬೆಂಗಳೂರಿನಲ್ಲಿ ಸ್ಥಾಪಿಸಿದ ದತ್ತಿ ಸಂಸ್ಥೆಗೂ ಅವರದೇ ಹೆಸರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ರಂಗನಾಥನ್ ತೀರಿಕೊಂಡರು. ಆಗ ಅವರಿಗೆ ಎಂಬತ್ತು ವರ್ಷ. ಬರೆದ ಪುಸ್ತಕಗಳು ಐವತ್ತಕ್ಕೂ ಹೆಚ್ಚು.

ಅವರು ಅಂದುಕೊಂಡದ್ದೆಲ್ಲ ಆಯಿತು ಎಂದೇನಿಲ್ಲ. ನಮ್ಮ ಹೆಚ್ಚಿನ ಕಾಲೇಜು ಗ್ರಂಥಾಲಯಗಳಲ್ಲಿ ಇಂದಿಗೂ ಪುಸ್ತಕದ ಬೆನ್ನ ಮೇಲಿರುವುದು ಡ್ಯೂಯಿಯ ಸಂಖ್ಯೆ. ದ್ವಿಬಿಂದು ಪದ್ಧತಿ ಬಳಸುವ ಗ್ರಂಥಾಲಯಗಳು ಕಡಿಮೆ. ಅದರ ಸಂಕೇತಗಳು ಉದ್ದ, ಕಲಿಯುವುದು ಕಷ್ಟ. ಆದರೆ ವಿಷಯವನ್ನು ಮುಖಗಳಾಗಿ ಬಿಡಿಸುವ ಅವರ ವಿಚಾರವನ್ನು ಬ್ರಿಟನ್ನಿನ ವರ್ಗೀಕರಣ ತಜ್ಞರು 1950ರ ದಶಕದಲ್ಲೇ ಎತ್ತಿಕೊಂಡು ಬೆಳೆಸಿದರು. ಡಿಆರ್‌ಟಿಸಿಯಲ್ಲಿ ಓದಿದವರು ಈಗ ಡಿಜಿಟಲ್ ಗ್ರಂಥಾಲಯಗಳಲ್ಲಿ, ಐಟಿ ಕಂಪನಿಗಳಲ್ಲಿ ಮಾಹಿತಿ ಜೋಡಿಸುವ ಕೆಲಸ ಮಾಡುತ್ತಿದ್ದಾರೆ. ಕೆಲಸದ ಹೆಸರು ಬದಲಾಗಿದೆ. ಹುಡುಕುವವನ ಹೊತ್ತು ಉಳಿಸಬೇಕೆಂಬ ಗುರಿ ಹಾಗೇ ಇದೆ.

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಮ್ಮ ಮಾತೆಲ್ಲ ಪ್ಯಾಕೇಜಿನ ಸುತ್ತಲೇ. ಯಾವ ಕೆಲಸ ದೊಡ್ಡದು, ಯಾವುದು ಸಣ್ಣದು ಎಂಬುದನ್ನು ಸೇರುವ ಮೊದಲೇ ತೀರ್ಮಾನಿಸಿಬಿಡುತ್ತೇವೆ. ರಂಗನಾಥನ್ ಸೇರಿದಾಗ ಆ ಹುದ್ದೆಗೆ ಪಠ್ಯವಿರಲಿಲ್ಲ, ಪದವಿಯಿರಲಿಲ್ಲ, ಜೊತೆಗಾರರೂ ಇರಲಿಲ್ಲ. ಮೊದಲ ವಾರ ಅವರನ್ನು ಕಂಗೆಡಿಸಿದ್ದು ಆ ಒಂಟಿತನವೇ. ಮುಂದಿನ ನಲವತ್ತೆಂಟು ವರ್ಷ ಅವರು ಶಾಲೆ, ಸಂಘ, ಭಾನುವಾರದ ಕೂಟ, ಸೆಮಿನಾರು, ಪತ್ರಿಕೆಗಳನ್ನು ಕಟ್ಟಿ ತಮ್ಮ ನಂತರ ಬಂದವರಿಗೆ ಆ ಒಂಟಿತನ ಇಲ್ಲದಂತೆ ಮಾಡಿದರು. ಇಂದು ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಅಲ್ಲಿ ಮಕ್ಕಳು ಬಂದು ಕೂರುತ್ತಿದ್ದಾರೆ. ಆ ಮಕ್ಕಳಿಗೆ ಸರಿಯಾದ ಪುಸ್ತಕ ಹುಡುಕಿ ಕೊಡಲು ಓದಿಕೊಂಡವರು ಬೇಕು. ಆದರೆ ಓದಿಕೊಂಡವರು ಹುದ್ದೆಯ ಅಧಿಸೂಚನೆಗಾಗಿ ಕಾಯುತ್ತಿದ್ದಾರೆ. ಅವರಲ್ಲಿ ಅಕ್ಕನ ಗುಂಪಿನ ಹದಿನೈದು ಮಂದಿಯೂ ಇದ್ದಾರೆ.